ಯಂತ್ರಕ್ಕೆ ‘ಆಗಲ್ಲ’ ಕಲಿಸಿದ ಅಕ್ಕ

ಬಾಗಿಲು ಹಾಕಿದ ಮೇಲೆ ಅದನ್ನು ಒಮ್ಮೆ ಎಳೆದು ನೋಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಪಂಚನಾಮೆ ಅಕ್ಕ ಮಾತ್ರ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ತಾವು ಎಳೆದು ನೋಡಿದ್ದು ನಿಜವೇ ಎಂಬ ಶಂಕೆಯಿಂದ ಹಿಂದಿರುಗಿ ಬಂದು ಇನ್ನೊಮ್ಮೆ ಎಳೆಯುವವರು. ಇದರಿಂದಾಗಿ ಅವರ ನಡಿಗೆಗೇ ಒಂದು ವಿಚಿತ್ರ ಲಯ ಬಂದುಬಿಟ್ಟಿತ್ತು: ಸರಸರನೆ ನಾಲ್ಕು ಹೆಜ್ಜೆ, ಗಕ್ಕನೆ ಒಂದು ನಿಲುಗಡೆ, ಅರ್ಧ ತಿರುವು, ಮತ್ತೆ ಸರಸರ. ಕಚೇರಿಯ ಮೊಗಸಾಲೆಯಲ್ಲಿ ಅವರ ಬೆನ್ನ ಹಿಂದೆ ನಡೆಯುವಾಗ ಎಷ್ಟು ಅಂತರ ಕಾಯ್ದುಕೊಳ್ಳಬೇಕೆಂಬುದನ್ನು ಹೊಸಬರು ಮೊದಲ ವಾರದಲ್ಲೇ, ಸಾಮಾನ್ಯವಾಗಿ ಮೂಗಿಗೆ ಪೆಟ್ಟು ಮಾಡಿಕೊಂಡು, ಕಲಿಯುತ್ತಿದ್ದರು.

ಪಂಚನಾಮೆ ಎಂಬ ಅಡ್ಡಹೆಸರು ಬಂದದ್ದು ಅವರ ಒಂದು ಪ್ರಶ್ನೆಯಿಂದ. ಲಿಫ್ಟು ರಿಪೇರಿಯಾಯಿತು ಎನ್ನಿ, ಹೊರಗೆ ಮಳೆ ನಿಂತಿತು ಎನ್ನಿ, ಅಕ್ಕ ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದುದು ಒಂದೇ: “ನೋಡಿ ಹೇಳ್ತಿದ್ದೀರೋ, ಕೇಳಿ ಹೇಳ್ತಿದ್ದೀರೋ?” ಶಾಲೆಯಲ್ಲಿ ರೇಖಾಗಣಿತ ಕಲಿಸುವ ಅವರ ಯಜಮಾನರು ಒಮ್ಮೆ ನಮ್ಮೆದುರೇ ಗೋಳು ತೋಡಿಕೊಂಡಿದ್ದರು. “ಹಾಲು ಉಕ್ಕಿತು ಅಂತ ಕೂಗಿದ್ರೆ ನೋಡಿ ಹೇಳ್ತಿದ್ದೀರಾ ಅಂತಾಳೆ. ವಿಚಾರಣೆ ಮುಗಿಯೋ ಹೊತ್ತಿಗೆ ಪಾತ್ರೆ ತಳ ಹತ್ತಿರುತ್ತೆ.” ಅಕ್ಕ ನಗಲಿಲ್ಲ, “ಹೋದ್ಸಲ ಉಕ್ಕಿರಲಿಲ್ಲ” ಎಂದಷ್ಟೇ ಹೇಳಿದರು.

ನಾನು ಆ ಕಚೇರಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುವವನು. ಅಕ್ಕ ನನ್ನನ್ನು ‘ಕೈಪಿಡಿ’ ಎಂದೇ ಕರೆಯುತ್ತಿದ್ದರು. ಅವರ ಠಾವು ಯಂತ್ರಗಳ ಕೊಠಡಿ. ಅಲ್ಲಿ ಹಗಲಿಡೀ ತಣ್ಣನೆಯ ಗಾಳಿ ಭೋರಿಡುತ್ತಿದ್ದುದರಿಂದ ಅವರ ಮೈಮೇಲೆ ಸದಾ ಒಂದು ಬೂದುಬಣ್ಣದ ಉಣ್ಣೆಯ ಕೋಟು. ಅದು ಅವರ ಅಣ್ಣನದು. ತೋಳನ್ನು ಎರಡು ಮಡಿಕೆ ಮಡಿಸಿದರೂ ಬೆರಳ ತುದಿಗಳಷ್ಟೇ ಹೊರಗೆ ಕಾಣುತ್ತಿದ್ದವು. ಬಲಜೇಬಿನಲ್ಲಿ ಅಂಟುಚೀಟಿಗಳು, ಎಡಜೇಬಿನಲ್ಲಿ ಎರಡೂ ತುದಿಗೆ ಪಿನ್ನುಳ್ಳ ಮೊಳದುದ್ದದ ನೀಲಿ ತಂತಿ. ಬೇರೆಯವರು ಕುರ್ಚಿಯಲ್ಲಿ ಕುಳಿತು ಪರದೆಯ ಮೇಲೆ ಪರೀಕ್ಷಿಸುವುದನ್ನು ಅಕ್ಕ ಎದ್ದುಹೋಗಿ, ಆ ತಂತಿಯನ್ನು ಯಂತ್ರಕ್ಕೆ ಚುಚ್ಚಿ ಪರೀಕ್ಷಿಸುತ್ತಿದ್ದರು.

ಅವರು ಮಾಡುತ್ತಿದ್ದ ಕೆಲಸ ಎಂಥದೆಂದು ಹೇಳದೆ ಅವರನ್ನು ಚಿತ್ರಿಸಲಾಗದು. ಒಂದು ಕಟ್ಟಡದ ಕಂಪ್ಯೂಟರುಗಳೆಲ್ಲ ತಂತಿಗಳ ಮೂಲಕ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಯಾರ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಯಾವ ಕಿಂಡಿಯಿಂದ ಹೊರಗೆ ಹೋಗಬೇಕು, ಯಾರು ಯಾರೊಡನೆ ಮಾತಾಡಕೂಡದು ಎಂಬ ಪಟ್ಟಿಯೆಲ್ಲ ಅದರೊಳಗಿನ ಆಪರೇಟಿಂಗ್ ಸಿಸ್ಟಂ ಬಳಿ ಇರುತ್ತದೆ. ಆದರೆ ಕ್ಷಣಕ್ಕೆ ಲಕ್ಷಗಟ್ಟಲೆ ಬರುವ ಪ್ಯಾಕೆಟ್ಟುಗಳಲ್ಲಿ ಪ್ರತಿಯೊಂದನ್ನೂ ಆ ಸಿಸ್ಟಂ ಅನ್ನು ನಡೆಸುವ ಪ್ರೊಸೆಸರೇ ಎತ್ತಿ ನೋಡಹೊರಟರೆ, ಉಪ್ಪು ಎಲ್ಲಿದೆ, ಸೌಟು ಎಲ್ಲಿದೆ ಎಂದು ಎಲ್ಲರೂ ಮನೆಯ ಯಜಮಾನಿಯನ್ನೇ ಕೇಳುವಂತಾಗಿ, ಆಕೆಗೆ ಹುಚ್ಚು ಹಿಡಿಯುತ್ತದೆ. ಅದಕ್ಕೇ ಪೆಟ್ಟಿಗೆಯಲ್ಲಿ ಮಿಂಚಿನ ವೇಗದ ಚಿಪ್ ಒಂದನ್ನು ಇಟ್ಟಿರುತ್ತಾರೆ. ಸಿಸ್ಟಂನ ಪಟ್ಟಿಯನ್ನು ಚಿಪ್ಪಿನೊಳಗೆ ಬರೆದು, ‘ಇನ್ನು ಇದನ್ನು ಚಿಪ್ ನೋಡಿಕೊಳ್ಳುತ್ತದೆ, ನೀನು ನಿಶ್ಚಿಂತೆಯಾಗಿರು’ ಎಂದು ಸಿಸ್ಟಂಗೆ ವರದಿ ಒಪ್ಪಿಸುವ ಮಧ್ಯವರ್ತಿಯೇ ಡ್ರೈವರ್ ಎಂಬ ತಂತ್ರಾಂಶ. ಚಿಪ್ಪಿನ ಕೈಲಿ ಆಗದ ಕೆಲಸವಾದರೆ ಡ್ರೈವರ್ ‘ಆಗಲ್ಲ’ ಎನ್ನಬೇಕು. ಆಗ ಸಿಸ್ಟಂ ತಾನೇ, ನಿಧಾನವಾಗಿಯಾದರೂ, ಮಾಡುತ್ತದೆ. ಆಗದ್ದನ್ನು ಆಯಿತೆಂದು ಒಪ್ಪಿಸಿದರೆ ಸಿಸ್ಟಂ ನಂಬಿ ಮರೆತುಬಿಡುತ್ತದೆ, ಚಿಪ್ಪಿಗೆ ಗೊತ್ತೇ ಇರುವುದಿಲ್ಲ. ಇಂಥ ಡ್ರೈವರನ್ನು ಅಕ್ಕ ಹನ್ನೊಂದು ವರ್ಷದಿಂದ ಬರೆಯುತ್ತಿದ್ದರು.

ಆ ವರ್ಷ ಒಂದು ದೊಡ್ಡ ಆಸ್ಪತ್ರೆ ನಮ್ಮ ಪೆಟ್ಟಿಗೆಗಳನ್ನು ಕೇಳಿತ್ತು. ಸಂದರ್ಶಕರ ಫೋನುಗಳು ವಾರ್ಡುಗಳಲ್ಲಿ ಔಷಧ ಹನಿಸುವ ಯಂತ್ರಗಳ ಹತ್ತಿರ ಸುಳಿಯದಂತೆ ತಡೆಯುವ ಸಾವಿರದ ನೂರು ನಿಯಮಗಳ ಪಟ್ಟಿ ಕೊಟ್ಟು, ಎಲ್ಲವನ್ನೂ ಚಿಪ್ಪೇ ಮಾಡಬೇಕು ಎಂಬ ಷರತ್ತು ಹಾಕಿತ್ತು. ಈ ಕೆಲಸ ಗೆದ್ದರೆ ಅಕ್ಕನಿಗೆ ಮುಖ್ಯ ಎಂಜಿನಿಯರ್ ಹುದ್ದೆ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಬಾಯಿಬಿಟ್ಟೇ ಹೇಳಿದ್ದರು. ಆ ಹುದ್ದೆ ಎರಡು ಸಲ ಅಕ್ಕನ ಕೈಗೆ ಬಂದು ಜಾರಿತ್ತು. ಅವರಿಗೆ ಅದು ಬೇಕಿತ್ತು. ನಿಯಮಗಳನ್ನು ತುಂಬಿದಾಗ ಪರದೆಯ ಮೇಲೆ ಒಂದೊಂದರ ಮುಂದೂ ‘ಚಿಪ್ಪಿನಲ್ಲಿದೆ’ ಎಂಬ ಹಸಿರು ಗುರುತು ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಜೇಬಿನಿಂದ ನೀಲಿ ತಂತಿ ತೆಗೆದರು.

ಪಟ್ಟಿಯ ಕೊನೆಯ ನಿಯಮ ತಡೆಯಬೇಕಾದ ಪ್ಯಾಕೆಟ್ಟೊಂದನ್ನು ಅವರು ಒಂದು ಕಿಂಡಿಯಿಂದ ಒಳಗೆ ಬಿಟ್ಟರು. ಅದು ಯಾರ ಹಂಗೂ ಇಲ್ಲದೆ ಇನ್ನೊಂದು ಕಿಂಡಿಯಿಂದ ಹೊರಬಂತು. ಚಿಪ್ಪಿನ ಕೋಷ್ಟಕದಲ್ಲಿದ್ದ ಸಾಲುಗಳು ಸಾವಿರದ ಇಪ್ಪತ್ತನಾಲ್ಕೇ. ಅಲ್ಲಿಂದಾಚೆಯ ಎಪ್ಪತ್ತಾರು ನಿಯಮಗಳನ್ನು ಡ್ರೈವರ್ ಎಲ್ಲೂ ಬರೆಯದೆ, ಬರೆದೆನೆಂದು ಸಿಸ್ಟಂಗೆ ಹೇಳಿ ಕೈತೊಳೆದುಕೊಂಡಿತ್ತು.

ಡ್ರೈವರ್ ಹೀಗೆ ಸುಳ್ಳು ಹೇಳುವಂತೆ ಮಾಡಿದ ಸಾಲನ್ನು ಬರೆದವರಾರೆಂದು ಹುಡುಕಲು ಅಕ್ಕ ತಂತ್ರಾಂಶದ ಹಳೆಯ ದಾಖಲೆ ತೆರೆದಾಗ ನಾನು ಪಕ್ಕದಲ್ಲೇ ಇದ್ದೆ. ಏಳು ವರ್ಷದ ಹಿಂದಿನ ತಾರೀಖು, ಮುಂದೆ ಅವರದೇ ಹೆಸರು. ಕೋಷ್ಟಕ ತುಂಬಿದರೆ ಏನು ಮಾಡಬೇಕು ಎಂಬಲ್ಲಿ ಯಶಸ್ಸಿನ ಸಂಕೇತವನ್ನು ಹಿಂದಿರುಗಿಸಿ, ಬದಿಯಲ್ಲಿ ಒಂದು ಟಿಪ್ಪಣಿ ಬರೆದಿದ್ದರು: ‘ಇಷ್ಟೊಂದು ನಿಯಮ ಯಾರೂ ಹಾಕುವುದಿಲ್ಲ.’ ಅದನ್ನು ಅವರು ಗಟ್ಟಿಯಾಗಿ ಓದಿದರು. ಕಿವಿಯವರೆಗೂ ಕೆಂಪೇರಿದ್ದ ಆ ಮುಖವನ್ನು ನೋಡಲಾರದೆ ನಾನು ಗೋಡೆ ನೋಡಿದೆ.

“ಚಿಪ್ ಮಾಡಿದೋರು ಹೇಳಿದ್ರು, ನಾನು ಬರ್ದೆ” ಎಂದರು. “ಕೇಳಿ ಬರ್ದೆ, ಕೈಪಿಡಿ. ನೋಡ್ಲಿಲ್ಲ.”

ಮುಖ್ಯಸ್ಥರು ಕೆಟ್ಟವರಲ್ಲ; ಹನ್ನೆರಡು ಜನರ ಅನ್ನದ ಚಿಂತೆ ಅವರ ತಲೆಯ ಮೇಲಿತ್ತು. “ಮೇಡಂ, ಸೋಮವಾರ ಪ್ರದರ್ಶನ. ಅವತ್ತು ಹಸಿರು ಕಾಣ್ಲಿ, ಆಮೇಲೆ ಸದ್ದಿಲ್ದೆ ಸರಿ ಮಾಡೋಣ. ಅಷ್ಟೊಂದು ನಿಯಮ ನಿಜವಾಗ್ಲೂ ಯಾರು ಹಾಕ್ತಾರೆ?”

“ಆ ಮಾತು ಏಳು ವರ್ಷದ ಹಿಂದೆ ನಾನು ಬರ್ದಿದ್ದೀನಿ ಸರ್, ತೋರಿಸ್ಲಾ?” ಎಂದರು ಅಕ್ಕ. “ಸೋಮವಾರ ನನ್ನ ಡ್ರೈವರ್ ಆಗಲ್ಲ ಅಂತ ಹೇಳುತ್ತೆ.”

“ಹುದ್ದೆ ವಿಚಾರ ಯೋಚ್ನೆ ಮಾಡಿದ್ರಾ?”

“ಮಾಡ್ದೆ. ಅಳುನೂ ಬಂತು. ಆದ್ರೂ ಹೇಳುತ್ತೆ.”

ಮುಂದಿನ ಮೂರು ದಿನ ಅಕ್ಕ ಯಂತ್ರಗಳ ಕೊಠಡಿಯಲ್ಲೇ ಕಳೆದರು. ‘ಆಗಲ್ಲ’ ಎನ್ನಿಸುವುದು ಒಂದು ಸಾಲಿನ ಕೆಲಸ; ಆದರೆ ಚಿಪ್ಪಿನಲ್ಲಿ ಹಿಡಿಯದ ನಿಯಮಗಳಿಗೆ ಸೇರಿದ ಕಿಂಡಿಗಳಿಂದ ಬರುವ ಪ್ಯಾಕೆಟ್ಟುಗಳನ್ನೆಲ್ಲ ಚಿಪ್ ತಾನೇ ದಾಟಿಸಿಬಿಡದೆ ಪ್ರೊಸೆಸರಿನ ಕೈಗೆ ಕೊಡುವಂತೆ ಮಾಡುವುದು ಬೆವರಿಳಿಸುವ ಕೆಲಸ. ಎಪ್ಪತ್ತಾರು ನಿಯಮಗಳನ್ನೂ ಒಂದೊಂದಾಗಿ ನೀಲಿ ತಂತಿಯಿಂದ ಪರೀಕ್ಷಿಸಿ, ಒಂದೊಂದಕ್ಕೂ ಒಂದು ಅಂಟುಚೀಟಿ ಬರೆದು ಗೋಡೆಗೆ ಅಂಟಿಸಿದರು. ಶುಕ್ರವಾರ ಸಂಜೆ ಗೋಡೆ ಹಳದಿಯಾಗಿತ್ತು, ಮತ್ತು ಅಕ್ಕ ಕೊಠಡಿಯ ಬಾಗಿಲನ್ನು ಒಂದೇ ಸಲ ಎಳೆದು ಮನೆಗೆ ಹೋದರು.

ಸೋಮವಾರ ಆಸ್ಪತ್ರೆಯ ಕಡೆಯಿಂದ ಅಲ್ಲಿನ ಯಂತ್ರಗಳ ಉಸ್ತುವಾರಿಯಾಕೆ ಬಂದರು. ಹೆಚ್ಚು ಮಾತಿಲ್ಲದ, ಕೈಯಲ್ಲಿ ಪೆನ್ಸಿಲ್ ಹಿಡಿದ ಹೆಂಗಸು. ಪರದೆಯ ತುಂಬ ಹಸಿರು ಮೂಡುತ್ತ ಹೋಗಿ, ಕೊನೆಯಲ್ಲಿ ಎಪ್ಪತ್ತಾರು ಸಾಲುಗಳು ಬೂದುಬಣ್ಣಕ್ಕೆ ತಿರುಗಿದವು. ಮುಖ್ಯಸ್ಥರು ಕರವಸ್ತ್ರ ತೆಗೆದರು.

“ಇವನ್ನ ಯಾರು ಮಾಡ್ತಾರೆ?” ಎಂದರು ಆಕೆ.

“ಪ್ರೊಸೆಸರ್ ಮಾಡುತ್ತೆ. ನಿಧಾನ ಆಗುತ್ತೆ, ಆದ್ರೆ ತಡೆಯುತ್ತೆ. ನನ್ನ ಮಾತು ನಂಬಬೇಡಿ” ಎಂದು ಅಕ್ಕ ನೀಲಿ ತಂತಿಯನ್ನು ಆಕೆಯ ಕೈಗಿತ್ತರು. “ನೀವೇ ಚುಚ್ಚಿ ನೋಡಿ.”

ಆಕೆ ಎದ್ದು ಹೋಗಿ ಚುಚ್ಚಿದರು. ಒಂದಲ್ಲ, ಒಂಬತ್ತು ನಿಯಮಗಳನ್ನು ನೋಡಿದರು; ಒಂಬತ್ತೂ ತಡೆದವು. ಆಮೇಲೆ ಪೆನ್ಸಿಲಿನಿಂದ ಏನನ್ನೋ ಗುರುತು ಹಾಕಿಕೊಂಡು, “ಷರತ್ತು ಎಲ್ಲಾ ಚಿಪ್ಪಲ್ಲೇ ಆಗ್ಬೇಕು ಅಂತ ಇದೆಯಲ್ಲಮ್ಮಾ” ಎಂದು ಬೇಸರದಿಂದಲೇ ಹೇಳಿ ಹೊರಟುಹೋದರು. ನಿಯಮಗಳು ಕಡಿಮೆಯಿದ್ದ ಎರಡು ಚಿಕ್ಕ ಕಟ್ಟಡಗಳಿಗೆ ಮಾತ್ರ ನಮ್ಮ ಪೆಟ್ಟಿಗೆ ಸಾಕೆಂದು ಪತ್ರ ಬಂತು. ದೊಡ್ಡ ಕಟ್ಟಡ ಬೇರೆಯವರ ಪಾಲಾಯಿತು. ಮುಖ್ಯ ಎಂಜಿನಿಯರ್ ಹುದ್ದೆ ಅಕ್ಕನ ಎದುರು ಮೇಜಿನವನಿಗೆ ಹೋಯಿತು. ಆ ದಿನ ಅಕ್ಕ ಅವನ ಕೈಕುಲುಕಿ, ಕೋಟಿನ ತೋಳಿನಲ್ಲಿ ಮೂಗು ಒರೆಸಿಕೊಂಡು, ಯಂತ್ರಗಳ ಕೊಠಡಿಗೆ ಹೋಗಿ ಸಂಜೆಯವರೆಗೆ ಹೊರಬರಲಿಲ್ಲ.

ಮರುದಿನ ನೇರ ನನ್ನ ಮೇಜಿಗೆ ಬಂದರು. “ಬರ್ಕೋ ಕೈಪಿಡಿ” ಎಂದರು. ಏಳು ವರ್ಷಗಳಿಂದ ನಮ್ಮ ಪೆಟ್ಟಿಗೆ ಕೊಂಡ ಇನ್ನೂರ ಹನ್ನೆರಡು ಕಡೆಗಳಿಗೂ ಪತ್ರ. ತಪ್ಪೇನು, ಅದನ್ನು ಹೇಗೆ ಪರೀಕ್ಷಿಸಬೇಕು, ಹೊಸ ಡ್ರೈವರನ್ನು ಹೇಗೆ ಹಾಕಿಕೊಳ್ಳಬೇಕು ಎಂದೆಲ್ಲ ಬರೆಸಿ, ಕೊನೆಗೆ ‘ಈ ಸಾಲನ್ನು ಬರೆದವಳು ನಾನು’ ಎಂದು ಹೇಳಿದರು. ಅದನ್ನು ‘ನಮ್ಮ ಸಂಸ್ಥೆಯ ಕಡೆಯಿಂದ ಆದ ಪ್ರಮಾದ’ ಎಂದು ನಯವಾಗಿ ತಿದ್ದಹೊರಟ ನನ್ನ ಕೈಯನ್ನು ತಡೆದರು. ಮುಖ್ಯಸ್ಥರು ಪತ್ರವನ್ನು ಎರಡು ಸಲ ಓದಿ, ನಿಟ್ಟುಸಿರುಬಿಟ್ಟು ಸಹಿ ಹಾಕಿದರು. ಆ ಸಹಿಗಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ.

ಉತ್ತರಗಳು ಬಂದದ್ದು ಹತ್ತೋ ಹನ್ನೊಂದೋ. ಒಂದು ಪುಟ್ಟ ಹೆರಿಗೆ ಆಸ್ಪತ್ರೆಯವರು ಬರೆದಿದ್ದರು: ‘ನಮ್ಮ ನಿಯಮಗಳು ಸಾವಿರದ ನಲವತ್ತು. ಕೊನೆಯ ಹದಿನಾರು ಕೆಲಸ ಮಾಡುತ್ತಿರಲಿಲ್ಲ. ಈಗ ಮಾಡುತ್ತಿವೆ.’ ನಾನು ಓಡಿಹೋಗಿ ಓದಿ ಹೇಳಿದೆ. ಅಕ್ಕ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು.

“ಪರದೇಲಿ ನೋಡಿ ಬರ್ದಿದ್ದಾರೋ, ತಂತಿ ಚುಚ್ಚಿ ನೋಡಿ ಬರ್ದಿದ್ದಾರೋ?”

“ಚುಚ್ಚಿ ನೋಡಿದ್ವಿ ಅಂತಾನೇ ಇದೆ ಅಕ್ಕ.”

ಅವರು ಕಾಗದ ಕಸಿದುಕೊಂಡು ತಾವೇ ಓದಿದರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಎಡಜೇಬಿನಲ್ಲಿ, ತಂತಿಯ ಜೊತೆಗೆ, ಇಟ್ಟುಕೊಂಡರು.

ಲೋಕದ ಕೆಲಸಗಳಲ್ಲಿ ಬಹುಪಾಲನ್ನು ನಾವು ಯಾರಿಗೋ ಒಪ್ಪಿಸಿ ಮರೆತಿರುತ್ತೇವೆ. ಮರೆಯದೆ ಬದುಕಲೂ ಆಗದು. ನಮ್ಮ ಮತ್ತು ಆ ಕೆಲಸದ ನಡುವೆ ಎಲ್ಲೋ ಒಬ್ಬರು ನಿಂತು ಆಯಿತು ಎಂದೋ ಆಗಲ್ಲ ಎಂದೋ ವರದಿ ಒಪ್ಪಿಸುತ್ತಿರುತ್ತಾರೆ. ಆಯಿತು ಎಂದವರಿಗೆ ಹುದ್ದೆ ಸಿಗುತ್ತದೆ, ಹಾರ ಬೀಳುತ್ತದೆ. ಆಗದ್ದನ್ನು ಆಗಲ್ಲ ಎಂದವರ ಹೆಸರು ಯಾರಿಗೂ ತಿಳಿಯುವುದಿಲ್ಲ. ಆದರೆ ಎಲ್ಲೋ ಒಂದು ವಾರ್ಡಿನಲ್ಲಿ ಬಾಣಂತಿಯೊಬ್ಬಳು ಮಗ್ಗುಲಿನ ಯಂತ್ರದ ಕಡೆ ತಿರುಗಿಯೂ ನೋಡದೆ ಕಣ್ಣುಮುಚ್ಚಿ ಮಲಗುತ್ತಾಳಲ್ಲ, ಅವಳು ನಿದ್ರಿಸುತ್ತಿರುವುದು ಇಂಥವರ ಮಾತಿನ ಮೇಲೆ.