ಅಕ್ಕಿಕಾಳಿನೊಳಗಿನ ಹಲ್ಲಿ

ಕುರುಗೋಡಿನ ಆ ಶಿಶುವಿಹಾರದಲ್ಲಿ ಮಕ್ಕಳಿಗಿಂತ ಬಾಯಿಗಳೇ ಹೆಚ್ಚು. ಅಷ್ಟು ಬಾಯಿಗಳ ನಡುವೆ ಬಾಯೇ ಇಲ್ಲದವಳೆಂದರೆ ಗಂಗೋತ್ರಿ ಟೀಚರ್ ಒಬ್ಬಳೇ. ಬಳ್ಳಾರಿಯಲ್ಲಿ ಡಿಗ್ರಿ ಓದುವಾಗ ಬಸ್ಸಿನಲ್ಲಿ ತಾನಿಳಿಯುವ ಸ್ಟಾಪ್ ಬಂದರೂ "ನಿಲ್ಲಿಸ್ರಿ" ಎನ್ನಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ವಾಪಸ್ ನಡೆದು ಬರುತ್ತಿದ್ದ ಹುಡುಗಿ ಅವಳು. ಆಡದೆ ಉಳಿದ ಮಾತೆಲ್ಲ ಎಲ್ಲಿಗೆ ಹೋಗಬೇಕು? ಬೆರಳಿಗೆ ಇಳಿದಿತ್ತು.

ಆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಮೈದಾಹಿಟ್ಟಿಗೆ ಉಪ್ಪು, ಎಣ್ಣೆ, ಬೀಟ್‌ರೂಟ್ ರಸ ಹಾಕಿ ನಾದಿದರೆ ಮಕ್ಕಳು ಆನೆ, ಇಲಿ, ಅಜ್ಜನ ಮೂಗು ಮಾಡಲು ಕೆಂಪು ಮುದ್ದೆ. ಕಾಮಕಸ್ತೂರಿ ಬೀಜ ನೆನೆಸಿದರೆ ಕೈಯಿಂದ ಜಾರುವ ಲೋಳೆ. ಮಕ್ಕಳು ಅದಕ್ಕೆ "ಕಪ್ಪಿ ಮೊಟ್ಟಿ" ಎಂದು ನಾಮಕರಣ ಮಾಡಿದ್ದರು. ಬಳ್ಳಾರಿಯ ಜೀನ್ಸ್ ಹೊಲಿಯುವವರಿಂದ ತಂದ ತುಂಡು, ಗೋಣಿಚೀಲ, ಹಳೆಯ ರೇಷ್ಮೆ ಕುಪ್ಪಸ ಎಲ್ಲ ಒಂದು ಹಲಗೆಗೆ ಅಂಟಿ, ಸವರಿ ನೋಡುವ ಗೋಡೆಯಾಗಿತ್ತು.

ಎಲ್ಲಕ್ಕೂ ರಾಜ ಅಕ್ಕಿ ಡಬ್ಬಿ. ಅಕ್ಕಿಗೆ ಅರಿಷಿಣ, ಒಂದಿಷ್ಟು ಎಣ್ಣೆ, ನಾಲ್ಕು ಹನಿ ಲಿಂಬೆರಸ. ಮುಚ್ಚಳ ಬಿಗಿದು ಮಕ್ಕಳ ಕೈಲೇ ಕುಲುಕಿಸಿ, ನೆರಳಲ್ಲಿ ಒಣಗಿಸಿದರೆ ಬಂಗಾರದ ಹೊಳೆ. ಅದರೊಳಗೆ ಹುಣಸೆ ಬೀಜ, ಕವಡೆ, ಗುಂಡಿ, ಜೊತೆಗೆ ಒತ್ತಿದರೆ "ಪೀಂ" ಎನ್ನುವ ಹಸಿರು ರಬ್ಬರ್ ಹಲ್ಲಿ. ಕಣ್ಣು ಮುಚ್ಚಿ ಕೈ ಹಾಕಬೇಕು. ಸಿಕ್ಕಿದ್ದು ಹೆಂಗೈತಿ ಅಂತ ಮೊದಲು ಹೇಳಬೇಕು, ಆಮೇಲೆ ಹೆಸರು. ಶಾಲೆಗೆ ಬಂದ ದಿನದಿಂದ ಬಾಗಿಲ ಚಿಲಕ ಹಿಡಿದು ಅಳುತ್ತಿದ್ದ ಚೈತ್ರಾ ಎಂಬ ಪುಟ್ಟಿ ಚಿಲಕ ಬಿಟ್ಟದ್ದೇ ಈ ಡಬ್ಬಿಗೆ ಕೈ ಹಾಕಲು.

ಹೀಗಿರಲು ಶಾಲೆಯ ಅಧ್ಯಕ್ಷ ದೊಡ್ಡಬಸಪ್ಪನವರು ಒಂದು ದಿನ ಬಂದರು. ಬಿಳಿ ಅಂಗಿ, ಗಿರಿಜಾ ಮೀಸೆ, ಯಾವುದನ್ನೂ ತಾವೇ ಮುಟ್ಟಿ ನೋಡದೆ ನಂಬದ ಆಸಾಮಿ. ಅಕ್ಕಿ ಎಂಥದೆಂದು ನೋಡಲು ಡಬ್ಬಿಗೆ ಕೈ ಹಾಕಿದರು. ಹಲ್ಲಿ "ಪೀಂ" ಎಂದಿತು. ಅಧ್ಯಕ್ಷರು "ಯವ್ವಾ!" ಎಂದರು. ಆಮೇಲೆ ಒಂದು ವಾರ ಮಕ್ಕಳಿಗೆ ಬೇರೆ ಆಟವೇ ಬೇಕಾಗಲಿಲ್ಲ. ಒಬ್ಬ ಹಲ್ಲಿ, ಒಬ್ಬ ಅಧ್ಯಕ್ಷ.

ಆ ಸುದ್ದಿ ಅವರ ಕಿವಿಗೂ ಬಿತ್ತು. ಶನಿವಾರ ಮತ್ತೆ ಬಂದರು, ಈ ಸಲ ಬಾಗಿಲಲ್ಲೇ ನಿಂತರು.

"ಏನವ್ವಾ ಟೀಚರ, ಸಾಲಿ ಅಂದ್ರ ಅಕ್ಷರ. ಅಕ್ಕ್ಯಾಗ ಕೈಯಾಡಸಾಕ ಯಾರು ಮಕ್ಕಳನ್ನ ಕಳಸ್ತಾರ? ಸೋಮವಾರದಿಂದ ಈ ಡಬ್ಬಿ ನನ್ನ ಕಣ್ಣಿಗೆ ಬೀಳಬಾರದು."

ಗಂಗೋತ್ರಿಯ ಹೊಟ್ಟೆಯೊಳಗೆ ಒಂದು ಭಾಷಣವೇ ಎದ್ದಿತು. ಬಳಪ ಹಿಡಿಯುವ ಮೊದಲು ಬೆರಳು ಪಳಗಬೇಕ್ರಿ, ಚೈತ್ರಾ ಮತ್ತೆ ಚಿಲಕ ಹಿಡೀತಾಳ್ರಿ... ಭಾಷಣ ಗಂಟಲವರೆಗೆ ಬಂದು, ಅಧ್ಯಕ್ಷರ ಮೀಸೆ ನೋಡಿ, ತಿರುಗಿ ಹೋಯಿತು.

"ಹಂಗಂತ ಅಕ್ಕಿ ಚೆಲ್ಲಬ್ಯಾಡ," ಎಂದರು ಅವರು. "ಹೆಂಗೂ ಹಳದಿ ಐತಿ. ನಾಳೆ ನಮ್ಮ ಮಗಳು ಅಂಜನಾನ ಮದುವ್ಯಾಗ ಅಕ್ಕಿಕಾಳು ಒಗ್ಯಾಕ ಆಗ್ತೈತಿ. ಆಯಾ ಉಚ್ಚೆಂಗೆಮ್ಮನ ಕೈಯಾಗ ಕಳಸು."

"ಸರ್, ಅದರಾಗ..."

"ಏನೂ ಹೇಳಬ್ಯಾಡ. ಹೇಳಿದಷ್ಟು ಮಾಡು."

ಏನೂ ಹೇಳಬಾರದೆಂದು ಗಂಗೋತ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಕ್ಕಳು ಮನೆಗೆ ಹೋದ ಮೇಲೆ ಜರಡಿ ಹಿಡಿದು ಕೂತಳು. ಅಕ್ಕಿಕಾಳು ಎರಚಿದಾಗ ಮಂದಿಯ ಕಣ್ಣಿಗೆ ಬಡಿಯಬಾರದಲ್ಲ. ಗುಂಡಿ, ಕವಡೆ, ಹುಣಸೆ ಬೀಜ ಎಲ್ಲ ಆರಿಸಿದಳು. ಕೊನೆಗೆ ಹಲ್ಲಿ ಮೇಲೆ ಬಂತು. ಅಂಗೈ ಮೇಲೆ ಇಟ್ಟುಕೊಂಡಳು. ಹಲ್ಲಿ ಅವಳನ್ನು ನೋಡಿತು, ಅವಳು ಹಲ್ಲಿಯನ್ನು ನೋಡಿದಳು. ಅಕ್ಕಿಕಾಳು ಹಂಚುವ ಮೊದಲು ಅಧ್ಯಕ್ಷರು ಮುಟ್ಟಿ ನೋಡದೆ ಬಿಡುವುದಿಲ್ಲ. 'ನೋಡಲಿ,' ಅಂದುಕೊಂಡು ಅದನ್ನು ಅಕ್ಕಿಯ ಆಳಕ್ಕೆ ಒತ್ತಿ, ಮೇಲೆ ನಾಜೂಕಾಗಿ ಸವರಿದಳು.

ಆಯಾ ಉಚ್ಚೆಂಗೆಮ್ಮ ಡಬ್ಬಿ ಎತ್ತಿಕೊಳ್ಳುತ್ತ, "ಯಾಕ್ರಿ ಟೀಚರ, ಅಳಾದು ಬಿಟ್ಟು ನಗಾಕ ಹತ್ತೀರಿ?" ಎಂದಳು.

"ಏನಿಲ್ಲ ಬಿಡು," ಎಂದಳು ಗಂಗೋತ್ರಿ.

ಆದರೆ ಮದುವೆಯ ದಿನ ಬೀಗರನ್ನು ಎದುರುಗೊಳ್ಳುವ ಗಡಿಬಿಡಿಯಲ್ಲಿ ದೊಡ್ಡಬಸಪ್ಪನವರು ಅಕ್ಕಿಕಾಳಿನ ಕಡೆ ತಿರುಗಿ ಸಹ ನೋಡಲಿಲ್ಲ. ಯಾರೋ ಡಬ್ಬಿಯಿಂದ ತಾಟಿಗೆ ಸುರಿದರು, ಯಾರೋ ಹಂಚಿದರು. ಕಂಬದ ಹಿಂದೆ ಕೂತಿದ್ದ ಗಂಗೋತ್ರಿ ತಾಟು ಹೋದ ಕಡೆಯೆಲ್ಲ ಕಣ್ಣು ಓಡಿಸಿದಳು. ಹಲ್ಲಿ ಕಾಣಲಿಲ್ಲ. ಗಟ್ಟಿಮೇಳ ಮೊಳಗಿತು, ತಾಳಿ ಕಟ್ಟಿದ್ದಾಯಿತು, ನಾಲ್ಕೂ ಕಡೆಯಿಂದ ಹಳದಿ ಮಳೆ ಬಿತ್ತು. ಮಳೆ ನಿಂತಾಗ, ಯಾರ ಹಿಡಿಯೊಳಗಿಂದ ಹಾರಿತೋ, ಮದುಮಗ ಹಂಪೇಶನ ಪೇಟದ ಮೇಲೆ ಹಸಿರು ಹಲ್ಲಿಯೊಂದು ಬಾಲ ಇಳಿಬಿಟ್ಟು ಕೂತಿತ್ತು.

"ಹಲ್ಲಿ ಬಿತ್ತು! ಹಲ್ಲಿ!"

ವಾದ್ಯದವರು ನಿಂತರು. ಗಂಡಿನ ಕಡೆಯವರು ಸಿರುಗುಪ್ಪದಿಂದ ಎರಡು ಬಸ್ಸು ತುಂಬಿ ಬಂದಿದ್ದರು. ಎಲ್ಲರೂ ಎದ್ದು ನಿಂತರು.

"ತಲೀ ಮ್ಯಾಲೆ ಬಿದ್ರ ಕೇಡಂತ."

"ತಲೀ ಮ್ಯಾಲೆ ಎಲ್ಲಿ ಬಿತ್ತು? ಪೇಟದ ಮ್ಯಾಲಲ್ಲ?"

"ಪೇಟ ಏನು ಮೊಣಕಾಲಾಗ ಐತೇನು?"

ಮದುವೆ ಮಾಡಿಸುತ್ತಿದ್ದ ಅಯ್ಯನವರು ಪಂಚಾಂಗ ತಿರುವಿ ಬೆವರು ಒರೆಸಿಕೊಂಡರು. "ಬಲಭುಜ ಐತಿ, ಎಡಗಾಲು ಐತಿ... ಪೇಟಕ್ಕ ಫಲ ಬರದಿಲ್ರಿ."

ಹಂಪೇಶ ಉಸಿರು ಬಿಡದೆ ಕೂತಿದ್ದ. ಅಂಜನಾಳ ಕಣ್ಣಲ್ಲಿ ನೀರು. ಗಂಡಿನ ಅಜ್ಜಿ ಕೊಟ್ರಬಸಮ್ಮ ಕೋಲೂರಿ ವೇದಿಕೆ ಹತ್ತತೊಡಗಿದಳು. ಗಂಗೋತ್ರಿಗೆ ತಾನು ಮಾಡಿದ್ದೇನೆಂದು ಆಗ ಹೊಳೆಯಿತು. ಒಬ್ಬರನ್ನು ಹಾರಿಸಲು ಇಟ್ಟದ್ದು ಒಂದು ಮದುವೆಯನ್ನೇ ಹಾರಿಸುವ ಹಾಗಿತ್ತು. ಬಸ್ಸಿನಲ್ಲಾದರೆ ಮುಂದಿನ ಸ್ಟಾಪಿನಲ್ಲಿ ಇಳಿಯಬಹುದಿತ್ತು. ಇಲ್ಲಿ ಮುಂದೆ ಸ್ಟಾಪೇ ಇರಲಿಲ್ಲ. ಎದ್ದಳು. ಅಷ್ಟು ಜನರ ನಡುವೆ ನುಗ್ಗಿ, ಮೆಟ್ಟಿಲು ಹತ್ತಿ, ಪೇಟಕ್ಕೆ ಕೈ ಹಾಕಿ ಹಲ್ಲಿಯ ಹೊಟ್ಟೆ ಒತ್ತಿದಳು.

ಪೀಂ!

ಇಡೀ ಮಂಟಪ ಅವಳ ಕಡೆ ತಿರುಗಿತು.

"ಇದು... ರಬ್ಬರಿಂದ್ರಿ," ಎಂದಳು. "ಸಾಲೀದು. ಅಕ್ಕ್ಯಾಗಿತ್ತು. ನಾನ ಬಿಟ್ಟಿದ್ದೆ."

ಕೊಟ್ರಬಸಮ್ಮ ಕೈ ಚಾಚಿದಳು. ಹಲ್ಲಿಯನ್ನು ಇಸಿದುಕೊಂಡು, ಬಾಲ ಎಳೆದು, ತಾನೂ ಒಮ್ಮೆ ಒತ್ತಿದಳು. ಪೀಂ. ಬೊಚ್ಚು ಬಾಯಿ ಅರಳಿತು. ಇನ್ನೊಮ್ಮೆ ಒತ್ತಿದಳು. ಅಲ್ಲಿಗೆ ಸಿರುಗುಪ್ಪದ ಎರಡು ಬಸ್ಸಿನ ಮಂದಿಯೂ ನಕ್ಕರು.

ನಗದವರು ಒಬ್ಬರೇ. ದೊಡ್ಡಬಸಪ್ಪನವರು ಹಲ್ಲು ಕಚ್ಚಿ, "ನಾಳೆ ನಿನ್ನ ಜೊತಿ ಮಾತೈತಿ," ಎಂದರು.

"ನಾಳೆ ಯಾಕ್ರಿ ಬೀಗರ? ಅಕ್ಕ್ಯಾಗ ಹಲ್ಲಿ ಯಾಕ ಹಾಕ್ತಾರ, ನನಗ ಈಗ ತಿಳೀಬೇಕು," ಎಂದಳು ಮುದುಕಿ. "ಹೇಳವ್ವಾ."

ಗಂಗೋತ್ರಿ ಹೇಳಿದಳು. ಮೊದಲು ಮಾತು ತೊದಲಿತು; ಕಣ್ಣು ಮುಚ್ಚಿ ಹುಡುಕುವ ಆಟದ ವಿಷಯಕ್ಕೆ ಬಂದಾಗ ತಾನಾಗಿ ಓಡಿತು. ಕೊಟ್ರಬಸಮ್ಮ ತಲೆಯಾಡಿಸಿದಳು. "ಮದುವ್ಯಾಗ ಉಂಗುರ ಹುಡುಕಸ್ತೀವಲ್ಲ, ಹಂಗ. ಆ ಡಬ್ಬಿ ತರ್ರಿ, ಇವತ್ತು ಅದರಾಗ ಹುಡುಕಲಿ!"

ಉಳಿದ ಅಕ್ಕಿಯಲ್ಲಿ ಉಂಗುರ ಹಾಕಿ ಕಲಸಿದರು. ಗಂಡು ಹೆಣ್ಣು ಇಬ್ಬರೂ ಕೈ ಹಾಕಿದರು. ಹಂಪೇಶನಿಗೆ ಸಿಕ್ಕಿದ್ದು ಜರಡಿಗೆ ತಪ್ಪಿಸಿಕೊಂಡ ಒಂದು ಹುಣಸೆ ಬೀಜ. ಅಂಜನಾಳಿಗೆ ಸಿಕ್ಕಿದ್ದು ಹಂಪೇಶನ ಬೆರಳು; ಅವಳು ಅದನ್ನು ಬಿಡುವ ಅವಸರ ತೋರಲಿಲ್ಲ. ಉಂಗುರ ಮಾತ್ರ ಇಲ್ಲ. ಬಂಗಾರ ಕಳೆಯಿತೆಂದು ದೊಡ್ಡಬಸಪ್ಪನವರ ಮುಖ ಅಕ್ಕಿಗಿಂತ ಹಳದಿಯಾಯಿತು.

ಅಷ್ಟರಲ್ಲಿ ಸೀರೆಗಳ ನಡುವೆ ತೂರಿಕೊಂಡು ಚೈತ್ರಾ ಬಂದಳು. ಕೇಳಲಿಲ್ಲ, ಮಾಡಲಿಲ್ಲ, ಶಾಲೆಯಲ್ಲಿ ಮಾಡುವ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿ ಮೊಣಕೈವರೆಗೆ ಕೈ ಇಳಿಸಿದಳು. ನಾಲಗೆ ತುದಿ ಹೊರಗೆ ಬಂತು.

"ತಣ್ಣಗೈತಿ," ಎಂದಳು. "ಗುಂಡಗೈತಿ... ನಡುವ ತೂತೈತಿ..."

"ಏನದು, ಹೇಳು ನೋಡೋಣ," ಎಂದಳು ಗಂಗೋತ್ರಿ, ಕ್ಲಾಸಿನ ದನಿಯಲ್ಲೇ.

"ಸಣ್ಣ ವಡಿ!"

ಉಂಗುರ ಮೇಲೆ ಬಂತು. ಅಡುಗೆಯವರು ಸಹ ಸೌಟು ಹಿಡಿದು ಓಡಿ ಬರುವಷ್ಟು ನಗು.

"ಬೀಗರ," ಕೊಟ್ರಬಸಮ್ಮ ಕಣ್ಣೊರೆಸಿಕೊಂಡಳು, "ಮರಿಮೊಮ್ಮಗು ಹುಟ್ಟಿದ್ರ ಈ ಸಾಲಿಗೇ ಕಳಸಾದು. ಡಬ್ಬಿ ಚೆಂದಾಗಿ ಇಟ್ಟಿರ್ರಿ ಮತ್ತ."

ಬೀಗರ ಮಾತು. ದೊಡ್ಡಬಸಪ್ಪನವರು ಏನೆಂದಾರು? "ಆತ್ರಿ," ಎಂದರು.

ಸೋಮವಾರ ಅವರೇ ಡಬ್ಬಿ ಹೊತ್ತು ಶಾಲೆಗೆ ಬಂದರು. "ಒಂದ ಮಾತು. ಹಲ್ಲಿ ಇರಬಾರದು."

"ಇಲ್ರಿ ಸರ್. ಹಲ್ಲಿ ಅಜ್ಜಿ ಜೊತಿ ಸಿರುಗುಪ್ಪಕ್ಕ ಹೋಗೈತಿ."

ಮರುವಾರ ಅಧ್ಯಕ್ಷರು ಸುಮ್ಮನೆ ಬಂದವರಂತೆ ಬಂದರು. ಡಬ್ಬಿಯ ಪಕ್ಕ ಸುಮ್ಮನೆ ಕೂತರು. ಮೊದಲು ಒಂದು ಬೆರಳು ಇಳಿಯಿತು, ಆಮೇಲೆ ಕೈ, ಆಮೇಲೆ ಕೈಗಡಿಯಾರ ಕಳಚಿಕೊಂಡು ಜೇಬಿಗೆ ಹೋಯಿತು. "ತಂಪೈತಲ್ಲ," ಎಂದರು ಯಾರಿಗೂ ಅಲ್ಲದಂತೆ.

ಗಂಗೋತ್ರಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಡಬ್ಬಿಯಲ್ಲಿ ಹಲ್ಲಿ ಇರಲಿಲ್ಲ. ರಬ್ಬರ್ ಜಿರಳೆಯ ಬಗ್ಗೆ ಯಾರೂ ಮಾತು ತೆಗೆದುಕೊಂಡಿರಲಿಲ್ಲ.

ದೊಡ್ಡಬಸಪ್ಪನವರ ಕೈ ಒಂದು ಕಡೆ ಬಂದು ನಿಂತಿತು. ಮಕ್ಕಳೆಲ್ಲ ಉಸಿರು ಹಿಡಿದರು. ಗಂಗೋತ್ರಿ ಬೋರ್ಡಿನ ಕಡೆ ತಿರುಗಿ, ಸೀಮೆಸುಣ್ಣ ಎತ್ತಿಕೊಂಡಳು.