ಟಿ.ಸಿ. ಕೈಲಿದ್ರೆ ಸಾಕು

ಶಾಲೆಯ ಗುಮಾಸ್ತ ಗೋಪಿನಾಥ್ ಅರ್ಜಿಯನ್ನು ಎರಡು ಸಲ ಓದಿದ. ಎದುರಿಗೆ ಬೈರೇಶ ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಕೂತಿದ್ದ; ಎರಡನೇ ಪಾಳಿಗೆ ಮುಕ್ಕಾಲು ಗಂಟೆಯಷ್ಟೇ ಉಳಿದಿತ್ತು. ಮಗಳು ಚಂದ್ರಲೇಖಾ ಅವನ ಹಿಂದೆ ಬೀರುವಿಗೆ ಒರಗಿ ನಿಂತಿದ್ದಳು.

ಕಂಪನಿ ಬೈರೇಶನನ್ನು ಮೂರು ವರ್ಷಕ್ಕೆ ಪೋಲೆಂಡಿಗೆ ಕಳಿಸುತ್ತಿತ್ತು. ಫೆಬ್ರವರಿ ಹತ್ತಕ್ಕೆ ವಿಮಾನ, ಮನೆಯವರೆಲ್ಲ ಒಟ್ಟಿಗೆ. ಚಂದ್ರಲೇಖಾಳ ಹತ್ತನೇ ತರಗತಿಯ ಪರೀಕ್ಷೆ ಮಾರ್ಚ್ ಕೊನೆಗಿತ್ತು.

"ಟಿ.ಸಿ. ಕೊಟ್ರೆ ಹೆಸ್ರು ಬಿದ್ದೋಯ್ತದೆ ಸಾರ್. ಪರೀಕ್ಷೆ ಪಟ್ಟಿ ಮನೆಯವ್ರ ಸಹಿ ಹಾಕ್ಸಿ ಇವತ್ತು ಮೂರಕ್ಕೆ ಹೋಗ್ಬೇಕು. ಅದ್ರಲ್ಲಿ ಇರಲ್ಲ," ಎಂದ ಗೋಪಿನಾಥ್.

"ಹೋಗ್ಲಿ ಬುಡಿ. ಅಲ್ಲಿ ಓದೋಳ್ಗೆ ಇಲ್ಲಿ ಪರೀಕ್ಷೆ ಯಾಕೆ? ಟಿ.ಸಿ. ಕೈಲಿದ್ರೆ ಸಾಕು."

ಅಪ್ಪನಿಗೆ ಟಿ.ಸಿ. ಎಂದರೆ ಏನೆಂದು ಚಂದ್ರಲೇಖಾಳಿಗೆ ಗೊತ್ತಿತ್ತು. ಏಳು ವರ್ಷದ ಹಿಂದೆ ಮಾಲೂರಿನಿಂದ ಹೊಸೂರಿಗೆ ಬಂದಾಗ ಆ ಒಂದು ಕಾಗದ ಇಲ್ಲದೆ ಅವಳು ಇಪ್ಪತ್ತಾರು ದಿನ ಶಾಲೆಯ ಜಗಲಿಯಲ್ಲಿ ಕೂತಿದ್ದಳು. ರಜೆ ಹಾಕಿ ಹಾಕಿ, ಜೂಜುವಾಡಿ ಗಡಿ ಚೆಕ್‌ಪೋಸ್ಟಿನ ಲಾರಿ ಸಾಲಿನಲ್ಲಿ ಬೈಕು ನುಗ್ಗಿಸಿ, ಅಪ್ಪ ನಾಲ್ಕು ಸಲ ಮಾಲೂರಿಗೆ ಓಡಾಡಿ ಅದನ್ನು ತಂದಿದ್ದ. ಅವತ್ತಿನಿಂದ ಮನೆಯಲ್ಲಿ ಯಾರು ಊರು ಬಿಡುವ ಮಾತೆತ್ತಿದರೂ ಅವನು ಹೇಳುವುದು ಒಂದೇ: ಮೊದಲು ಟಿ.ಸಿ. ಈಸ್ಕೊಳ್ಳಿ.

ಆದರೆ ಪೋಲೆಂಡಿನ ಶಾಲೆಯಿಂದ ಬಂದ ಕಾಗದದಲ್ಲಿ ಟಿ.ಸಿ.ಯ ಮಾತೇ ಇರಲಿಲ್ಲ. ನಾಲ್ಕು ಪುಟದ ಇಂಗ್ಲಿಷು. ಮೊದಲ ಪುಟದಲ್ಲಿ ಸೀಟು ಸಿಕ್ಕಿದೆ ಎಂದಿದ್ದದ್ದನ್ನು ನೋಡಿ ಅಪ್ಪ ಫೈಲಿಗೆ ಸೇರಿಸಿದ್ದ. ಅವಳು ಡಿಕ್ಷನರಿ ಇಟ್ಟುಕೊಂಡು ಮೂರನೆಯ ಪುಟವನ್ನೂ ಓದಿದ್ದಳು. ಹತ್ತು ಪಾಸಾದ ಅಂಕಪಟ್ಟಿ ತಂದರೆ ಹನ್ನೊಂದಕ್ಕೆ, ಇಲ್ಲದಿದ್ದರೆ ಅಲ್ಲಿನ ಪ್ರಾಥಮಿಕ ಶಾಲೆಯ ಕೊನೆಯ ತರಗತಿ ಎಂಟಕ್ಕೆ. ನಾಲ್ಕು ದಿನದಿಂದ ಆ ಪುಟದ ನಕಲು ಅವಳ ಚೀಲದಲ್ಲೇ ಇತ್ತು. ಎದುರು ಮಾತಾಡಿದರೆ, ಅದೂ ಬೇರೆಯವರ ಮುಂದೆ, ಅಪ್ಪನ ಕಿವಿ ಕೆಂಪಾಗುತ್ತಿತ್ತು.

ಗೋಪಿನಾಥ್ ಕೀಲಿಮಣೆಯತ್ತ ತಿರುಗಿದ. ಅವಳ ಹೆಸರು ತೆರೆಯ ಮೇಲೆ ಬಂತು. ಪಕ್ಕದಲ್ಲಿ ಚಿಕ್ಕ ಫೋಟೋ.

"ಹುಟ್ಟಿದ ತಾರೀಕು ಹೇಳಮ್ಮ."

ಅವಳು ತೆರೆಯನ್ನೇ ನೋಡುತ್ತಿದ್ದಳು.

"ಕೇಳ್ತಾವ್ರಲ್ಲ, ಹೇಳು," ಎಂದ ಬೈರೇಶ ಗಡಿಯಾರ ನೋಡುತ್ತ.

"ಅಪ್ಪ, ಟಿ.ಸಿ. ಬೇಡ."

"ಏನು?"

"ಅವ್ರು ಕೇಳಿರೋದು ಅಂಕಪಟ್ಟಿ. ಅದಿಲ್ದಿದ್ರೆ ಎಂಟನೇ ಕ್ಲಾಸಿಗೆ ಹಾಕ್ತಾರಂತೆ. ಮೂರನೇ ಪುಟದಲ್ಲೈತೆ."

ಬೈರೇಶನ ಕಿವಿ ಕೆಂಪಾಯಿತು. ಗೋಪಿನಾಥ್ ಏನೂ ಕೇಳಿಸದವನಂತೆ ಚಹಾದ ಲೋಟವನ್ನು ಆಚೆ ಸರಿಸಿದ.

"ಅಲ್ಲಿಗೆ ಹೋಗಿ ಬಂದವ್ಳ ಹಂಗೆ ಮಾತಾಡ್ತೀಯಲ್ಲ. ಕಾಗದ ತಂದೋನು ನಾನು."

ಅವಳು ಪುಸ್ತಕದ ಚೀಲದಿಂದ ಮೂರನೆಯ ಪುಟದ ನಕಲು ತೆಗೆದು ಮೇಜಿನ ಮೇಲಿಟ್ಟಳು. ಆ ಸಾಲಿನ ಕೆಳಗೆ ಮೊದಲೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು.

ಬೈರೇಶ ಓದಿದ. ತುಟಿ ಅಲ್ಲಾಡಿಸುತ್ತ ಮತ್ತೊಮ್ಮೆ ಓದಿದ.

"ಕಂಪನಿ ಟಿಕೆಟ್ ಕೊಡೋದು ಒಟ್ಟಿಗೆ ಹೋದ್ರೆ ಮಾತ್ರ."

"ನಾನು ರಿಸಲ್ಟ್ ಬಂದ್ಮೇಲೆ ಬತ್ತೀನಿ. ಅಲ್ಲೀಗಂಟ ಸಾನಮಾವಲ್ಲಿ ಅಜ್ಜಿ ತಾವ ಇರ್ತೀನಿ."

"ಪರೀಕ್ಷೆ ದಿನ ಅಲ್ಲಿ ಕಾಡಿಂದ ಆನೆ ರೋಡಿಗೆ ಬಂದು ಬಸ್ ನಿಂತೋದ್ರೆ?"

ಹೋದ ತಿಂಗಳೇ ಎರಡು ದಿನ ಹಾಗೆ ಆಗಿತ್ತು. ಸುಮ್ಮನಿದ್ದರೆ ಸೋತ ಹಾಗೆ ಎಂದು ಅನ್ನಿಸಿತು.

"ಹಿಂದಿನ್ ದಿನಾನೇ ಬಂದು ಸ್ಕೂಲ್ ಹಾಸ್ಟೆಲಲ್ಲಿ ಮಲಗ್ತೀನಿ. ಕೇಳ್ತೀನಿ ವಾರ್ಡನ್ನವ್ರನ್ನ. ನಾನೇ ಕೇಳ್ತೀನಿ."

ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ತಮ್ಮನನ್ನು ಮುಂದೆ ತಳ್ಳುವ ಹುಡುಗಿ. ಬೈರೇಶ ಮೊದಲ ಸಲ ತಿರುಗಿ ಅವಳ ಮುಖ ನೋಡಿದ.

ಫೋನು ಬಂತು. ಪಟ್ಟಿ ಎಲ್ಲಿ ಎಂದು ಕೃಷ್ಣಗಿರಿಯ ಶಿಕ್ಷಣ ಕಚೇರಿಯವರು ಕೇಳುತ್ತಿದ್ದರು. ಗೋಪಿನಾಥ್ ತಮಿಳಿನಲ್ಲಿ ಇನ್ನು ಹತ್ತು ನಿಮಿಷ ಕೊಡಿ ಎಂದು ಬೇಡಿ ಫೋನಿಟ್ಟ.

"ಸಾರ್, ಇವ್ರ ಹೆಸ್ರು ಇರ್ಲಾ, ತೆಗೀಲಾ?"

ಬೈರೇಶ ಅರ್ಜಿಯನ್ನು ಎಳೆದುಕೊಂಡು ನಾಲ್ಕಾಗಿ ಮಡಚಿ ಜೇಬಿಗಿಟ್ಟ.

"ಪಟ್ಟಿಗೆ ಮನೆಯವ್ರು ಸಹಿ ಹಾಕ್ಬೇಕು ಅಂದ್ರಲ್ಲ ಆಗ್ಲೇ," ಎಂದ ಕೊನೆಗೆ, ಗೋಪಿನಾಥನತ್ತ ಕೈ ಚಾಚಿ. "ಪೆನ್ನು ಕೊಡಿ. ಎಲ್ಲೈತೆ ಇವ್ಳ ಹೆಸ್ರು?"

ಹೆಸರು ಎಲ್ಲಿದೆ ಎಂದು ಚಂದ್ರಲೇಖಾಳೇ ತೋರಿಸಿದಳು.