ಸಕ್ಕುಬಾಯಿಯ ಹೆಬ್ಬೆಟ್ಟು

ಎಲೆ ಅಡಿಕೆ ಹಿಡಿದು ಮನೆಯ ಮಾತು ಮುಗಿಸಿ ಬಂದೆ ಎಂದು ಹುಸೇನಪ್ಪ ಮೀಸೆ ತಿರುವಿದಾಗ ಮಾನಮ್ಮನಿಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ಯಾದಗಿರಿ ಕಡೆಯ ಈ ಗಂಡ ಹೆಂಡತಿ ಪುಣೆಗೆ ಬಂದು ಹದಿನಾರು ವರ್ಷ. ಅವನು ಗೋಡೆ ಕಟ್ಟುವ ಗವಂಡಿ, ಅವಳು ಇಟ್ಟಿಗೆ ಹೊರುವವಳು. ಕಂಡವರಿಗೆಲ್ಲ ಮನೆ ಕಟ್ಟಿದರು. ಕಟ್ಟಡ ಮುಗಿದ ಮರುದಿನವೇ ತಮ್ಮ ತಗಡಿನ ಶೆಡ್ಡು ಕಿತ್ತು ಗಾಡಿಗೆ ಹೇರಿದರು. ಹೀಗೆ ಹನ್ನೊಂದು ಶೆಡ್ಡು. ಹನ್ನೆರಡನೆಯದು ಬೇಡವೇ ಬೇಡ ಎಂದು ಈ ಎಂಬತ್ತೊಂದನೆಯ ಇಸವಿಯಲ್ಲಿ ಮಾನಮ್ಮ ಹಟ ಹಿಡಿದಿದ್ದಳು. ಅದೇ ಹೊತ್ತಿಗೆ ಪುಣೆ ಅಂಚಿನ ಹಡಪಸರದ ಹಳೇ ಊರಿನ ಜ್ಞಾನೋಬಾ ತನ್ನ ಅಪ್ಪ ಬಿಟ್ಟುಹೋದ ಎರಡು ಖೋಲಿಯ ಮನೆ ಮಾರಲು ನಿಂತಿದ್ದ.

“ಕಾಗದ ಯಾರು ನೋಡಿದ್ರು?” ಎಂದಳು ಮಾನಮ್ಮ.

“ಕಾಗದ ಯಾಕ? ನಾಕು ಮಂದಿ ಹಿರ್ಯಾರ ಮುಂದ ಎಲಿ ಹಿಡದೀವಿ. ಖರೇದಿ ಪತ್ರ ಅವನ ವಕೀಲನ ಬರೀತಾನ. ಇಬ್ಬರಿಗೂ ಒಬ್ಬನ ಸಾಕು.”

“ಅಂದ್ರ ಬೆಕ್ಕಿನ ಮುಂದ ಹಾಲಿನ ಗಡಿಗಿ ಇಟ್ಟು ಬಂದೀರಿ. ಅವನ ವಕೀಲ ಅವನ ಮನಿ ಕಾಯ್ತಾನ. ನನ್ನ ಮನಿ ಕಾಯಾಕ ನನ್ನ ವಕೀಲ ಬೇಕು.”

ಮರುದಿನ ಕೂಲಿ ಬಿಟ್ಟು ಶಿವಾಜಿನಗರದ ಕೋರ್ಟಿಗೆ ಹೋದಳು. ಅಲ್ಲಿ ಕರೀಕೋಟುಗಳಿಗೇನು ಬರ. ಆದರೆ ಮಾನಮ್ಮ ಇಟ್ಟಿಗೆಯನ್ನು ತಟ್ಟಿ ದನಿ ಕೇಳದೆ ತಲೆಗೇರಿಸಿದವಳಲ್ಲ. ಮೇಜಿನಿಂದ ಮೇಜಿಗೆ ಹೋಗಿ, ಗಾರೆ ಕೆಲಸದಲ್ಲಿ ಕಲಿತ ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು: ಈ ಮನೆ ತಗೊಳ್ಳಲೋ ಬೇಡವೋ? ಮೊದಲನೆಯವನು ಕಾಗದವನ್ನೇ ಕೇಳದೆ, ಕಣ್ಣು ಮುಚ್ಚಿ ತಗೋ ಎಂದ. ಎರಡನೆಯವನು, ಜ್ಞಾನೋಬಾ ನಮ್ಮ ಪೈಕಿಯವನೇ ಎಂದು ನಕ್ಕ. ಮೂಲೆಯಲ್ಲಿ ಕೂತಿದ್ದ ಇಂದೂ ಎಂಬ ಸಣ್ಣ ವಯಸ್ಸಿನ ವಕೀಲೆ ಮಾತ್ರ ತಲೆ ಅಡ್ಡ ಆಡಿಸಿದಳು. “ನನಗೆ ಗೊತ್ತಿಲ್ಲ. ಮನೆ ಯಾರ ಹೆಸರಿಗಿದೆ ಎಂಬ ಸರಕಾರಿ ಉತಾರೆ ತೆಗೆಸಬೇಕು. ಮೂವತ್ತು ವರ್ಷದ ದಫ್ತರ ನೋಡಬೇಕು. ಆಮೇಲೆ ಬೇಡ ಅಂದರೆ ನನ್ನನ್ನು ಬೈಯಬಾರದು.”

ಇದು ಚೆನ್ನಾಗಿ ಸುಟ್ಟ ಗಟ್ಟಿ ಇಟ್ಟಿಗೆ ಎಂದುಕೊಂಡು ಮಾನಮ್ಮ ಅಲ್ಲೇ ಕೂತಳು.

ಎಂಟು ದಿನಕ್ಕೆ ಇಂದೂ ಕರೆಸಿದಳು. ಮನೆಯ ಮೇಲೆ ಸಾಲವಿಲ್ಲ, ತಂಟೆ ತಕರಾರಿಲ್ಲ. ಆದರೆ ಉತಾರೆಯಲ್ಲಿ ವಾರಸುದಾರರ ಹೆಸರು ಎರಡಿದ್ದವು. ಒಂದು ಜ್ಞಾನೋಬಾ, ಇನ್ನೊಂದು ಅವನ ತಂಗಿ ಸಕ್ಕುಬಾಯಿ. “ಅವಳು ಒಪ್ಪಿ ಹೆಬ್ಬೆಟ್ಟು ಒತ್ತದಿದ್ದರೆ ನೀನು ಅರ್ಧ ಮನೆ ಕೊಂಡಂತೆ” ಎಂದಳು.

ಕೇಳಿದ ಜ್ಞಾನೋಬಾ ಹೋ ಎಂದು ನಕ್ಕುಬಿಟ್ಟ. ತಂಗಿಯನ್ನು ಇಂದಾಪುರಕ್ಕೆ ಕೊಟ್ಟು ಇಪ್ಪತ್ತೈದು ವರ್ಷವಾಯಿತು, ಅವಳಿಗೆಲ್ಲಿಯ ಮನೆ? ತನ್ನ ವಕೀಲನಿಂದ ಹಕ್ಕು ಬಿಟ್ಟ ಪತ್ರವೊಂದನ್ನು ಬರೆಸಿ, ಹೊಸದೊಂದು ಸೀರೆಯ ಜೊತೆ ಮಾನಮ್ಮನ ಕೈಗೇ ಕೊಟ್ಟ. “ಹೆಣ್ಣಿಗೆ ಹೆಣ್ಣು ಹೋದರೆ ಕೆಲಸ ಬೇಗ. ಸೋಮವಾರ ನೋಂದಣಿ. ಆಗದಿದ್ದರೆ ಬೇರೆ ಗಿರಾಕಿ ಕಾಯುತ್ತಿದ್ದಾನೆ.”

“ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಒತ್ತಿಸ್ಕೊಂಡು ಬಾ, ಮುಗೀತು” ಎಂದ ಹುಸೇನಪ್ಪ.

ಇಂದಾಪುರದ ಎಸ್.ಟಿ. ಬಸ್ಸಿನಲ್ಲಿ ಆ ಸೀರೆ ಮಾನಮ್ಮನ ತೊಡೆಯ ಮೇಲೆ ಕೂತಿತ್ತು. ಹಸಿರು ಸೀರೆ. ಅವಳ ಅಪ್ಪ ಸತ್ತ ಹದಿಮೂರನೆಯ ದಿನ ಅಣ್ಣ ಫಕೀರಪ್ಪನೂ ಹಸಿರು ಸೀರೆಯನ್ನೇ ಉಡಿಸಿ, ಇಲ್ಲಿ ಒತ್ತವ್ವಾ ಎಂದು ಒಂದು ಕಾಗದ ಚಾಚಿದ್ದ. ಅವಳು ಅಳುತ್ತಲೇ ಒತ್ತಿದ್ದಳು. ಸೀರೆ ಒಂದು ವರ್ಷ ಬಾಳಿತು. ತವರು ಅಷ್ಟೂ ಬಾಳಲಿಲ್ಲ.

ಸಕ್ಕುಬಾಯಿ ಕಬ್ಬಿನ ಗದ್ದೆಯಿಂದ ಕುಡುಗೋಲು ಹಿಡಿದೇ ಬಂದಳು. ಅಣ್ಣ ಸೀರೆ ಕಳಿಸಿದ್ದಾನೆ ಎಂದು ಕೇಳಿದ್ದೇ ತಡ, ಅವಳ ಮುಖ ಅರಳಿತು. ಹತ್ತು ವರ್ಷದಿಂದ ಅಣ್ಣನ ಒಂದು ಕಾಗದವಿಲ್ಲ, ಕರೆಯಿಲ್ಲ. ಸೀರೆಯನ್ನು ಕೆನ್ನೆಗೆ ಒತ್ತಿಕೊಂಡಳು. ಮಾನಮ್ಮ ಬಿಡಿಸಿ ಹಿಡಿದದ್ದು ಏನು ಕಾಗದ ಎಂದು ಕೂಡ ಕೇಳದೆ ಎಡಗೈ ಹೆಬ್ಬೆರಳು ಮುಂದೆ ಚಾಚಿದಳು.

ಮಾನಮ್ಮ ಜೊತೆಗೆ ತಂದಿದ್ದ ಮಸಿಯ ಡಬ್ಬಿಯ ಮುಚ್ಚಳ ತೆಗೆದೇ ಇತ್ತು. ಒಂದು ಹೆಬ್ಬೆಟ್ಟು, ಅಷ್ಟೇ. ಎರಡು ಖೋಲಿ, ಬಾಗಿಲಿಗೆ ಚಿಲಕ, ಇನ್ನು ಯಾರೂ ಏಳು ಎನ್ನುವಂತಿಲ್ಲ. ಮಾನಮ್ಮನಿಗೆ ಆ ಮನೆ ಬೇಕೇ ಬೇಕಿತ್ತು. ಆದರೂ ಕಾಗದ ಹಿಂದಕ್ಕೆ ಎಳೆದುಕೊಂಡಳು.

“ತಡೀರಿ ಅಕ್ಕಾ. ಇದು ಸೀರಿ ಅಲ್ಲ, ನಿಮ್ಮ ಅರ್ಧ ಮನಿ. ನಾ ಒಮ್ಮೆ ಹಿಂಗ ಒತ್ತಿ ಕೆಟ್ಟೀನಿ.” ತಿಳಿಯಲಿ ಎಂದು ಅದನ್ನೇ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿ, ಸೋಮವಾರ ಪುಣೆಯಲ್ಲಿ ನೋಂದಣಿ ಇದೆ ಎಂದೂ ತಿಳಿಸಿದಳು.

ಸಕ್ಕುಬಾಯಿ ಚಾಚಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಸೀರೆಯನ್ನು ಮಡಿಕೆ ಕೆಡದಂತೆ ಮಡಿಸಿಟ್ಟಳು. “ನೀ ಹೋಗು” ಎಂದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮನೆಗೆ ಬಂದಾಗ ಹುಸೇನಪ್ಪ ತಲೆ ತಲೆ ಚಚ್ಚಿಕೊಂಡ. “ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡಿದಿ!”

“ಕದ್ದ ತುತ್ತು ನನಗ ಇಳಿಯೂದಿಲ್ಲ. ಮನಿ ತಗೊಂಡ್ರ ಪೂರಾ ಮನಿನ ತಗೋತೀನಿ.”

ಸೋಮವಾರ ನೋಂದಣಿ ಕಚೇರಿಯಲ್ಲಿ ಹನ್ನೊಂದಾಯಿತು, ಹನ್ನೆರಡಾಯಿತು. ಜ್ಞಾನೋಬಾ ಬೇರೆ ಗಿರಾಕಿಯ ಮಾತು ಎತ್ತಿ ಎದ್ದು ನಿಂತ. ಆಗ ಬಾಗಿಲಲ್ಲಿ ಸಕ್ಕುಬಾಯಿ ಕಂಡಳು, ಮಾಸಿದ ಸೀರೆಯಲ್ಲೇ. ಅಣ್ಣನ ಕಾಲು ಮುಟ್ಟಿ ನಮಸ್ಕರಿಸಿ, ಅವನ ಪಕ್ಕದ ಕುರ್ಚಿಯಲ್ಲೇ ಕೂತಳು.

“ದಾದಾ, ಮನೆ ಮಾರು, ಬೇಡ ಅನ್ನುವುದಿಲ್ಲ. ಆದರೆ ಮಾರುವವರು ನಾವಿಬ್ಬರು. ನನ್ನ ಅರ್ಧ ನನ್ನ ಕೈಗೆ ಬಂದ ಮೇಲೆ ಹೆಬ್ಬೆಟ್ಟು.”

ಜ್ಞಾನೋಬಾ ಕೂಗಾಡಿದ. ಮಾನಮ್ಮನ ಜೊತೆ ಬಂದಿದ್ದ ಇಂದೂ ಉತಾರೆಯನ್ನು ಅವನ ಮುಂದೆ ಬಿಚ್ಚಿಟ್ಟಳು. ಅವನ ವಕೀಲ ಅದನ್ನು ನೋಡಿ, ತಂಗಿಯನ್ನು ಬಿಟ್ಟು ಯಾವ ಗಿರಾಕಿಗೂ ಪೂರಾ ಮನೆ ಮಾರಲಾಗದು ಎಂದು ಅವನ ಕಿವಿಯಲ್ಲಿ ಹೇಳಿದ. ಜ್ಞಾನೋಬಾ ಧೊಪ್ಪನೆ ಕೂತ. ಹಣ ಎರಡು ಪಾಲಾಯಿತು, ಪತ್ರದ ಮೇಲೆ ಎರಡು ಹೆಬ್ಬೆಟ್ಟು ಬಿದ್ದವು.

ಕಾರಕೂನ ಪೆನ್ನೆತ್ತಿ, ಕೊಳ್ಳುವವರ ಹೆಸರು ಎಂದ. ಹುಸೇನಪ್ಪ ಬಾಯಿ ತೆರೆದ. ಹೆಂಡತಿಯ ಕಡೆ ನೋಡಿದ, ಸಕ್ಕುಬಾಯಿಯ ಕಡೆ ನೋಡಿದ.

“ಮಾನಮ್ಮ ಅಂತ ಬರೀರಿ. ಆಮ್ಯಾಲ ಜಾಗ ಇದ್ರ ನಂದೂ ಬರೀರಿ” ಎಂದ.

ಹೊರಗೆ ಬಂದ ಮೇಲೆ ಸಕ್ಕುಬಾಯಿ ಹಸಿರು ಸೀರೆಯನ್ನು ಚೀಲದಿಂದ ತೆಗೆದು ಮಾನಮ್ಮನ ಉಡಿಗೆ ಹಾಕಿದಳು. “ಇದು ನಿನಗೆ. ಆ ಮನೆಯ ಒಳಖೋಲಿಯಲ್ಲಿ ನಾನು ಹುಟ್ಟಿದ್ದು. ಇನ್ನು ಅಣ್ಣ ಕರೆಯುವುದಿಲ್ಲ.” ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅವ ಕರೀದಿದ್ರ ಏನಾತು?” ಎಂದಳು ಮಾನಮ್ಮ. ಅವಳ ಕಣ್ಣೂ ತುಂಬಿದ್ದವು. “ನಾ ಕರೀತೀನಿ. ಪಂಚಮಿಗೆ ಬರ್ರಿ, ಜೋಕಾಲಿ ಕಟ್ಟಿಸ್ತೀನಿ.”

ಹುಸೇನಪ್ಪ ಹಿಂದೆ ನಿಂತು ಗಡ್ಡ ಕೆರೆಯುತ್ತಿದ್ದ. “ಮಾಳಿಗಿ ತೊಲಿ ಹಳೇದು” ಎಂದ. “ಪಂಚಮಿಗಿಂತ ಮೊದ್ಲ ಬದಲಿ ಮಾಡಬೇಕು. ಇಬ್ಬರು ಕೂಡೂ ಜೋಕಾಲಿ ಅದು.”